ದಣಿವಿನ ನಿಯಮ ಬರೆಯುವಲ್ಲಿ ಪೈಲಟ್‌ಗಳ ಪ್ರತಿನಿಧಿಗಳೂ ಇರಲಿ

ಮಾನ್ಯ ಸಂಪಾದಕರೇ,

2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೊ ಸಂಸ್ಥೆಯ ಸಾವಿರಾರು ವಿಮಾನಗಳು ರದ್ದಾಗಿ ಜನ ನಿಲ್ದಾಣಗಳಲ್ಲಿ ಪರದಾಡಿದಾಗ, ಬೆಳಗಾವಿಯಲ್ಲಿಯೂ ಅನೇಕರ ಬಾಯಲ್ಲಿ ಇದ್ದದ್ದು ಒಂದೇ ಮಾತು: ಪೈಲಟ್‌ಗಳಿಗೆ ವಿಶ್ರಾಂತಿ ಹೆಚ್ಚು ಮಾಡಿದ್ದೇ ಇದಕ್ಕೆಲ್ಲ ಕಾರಣ, ಅವರ ಸಂಘಟನೆಗಳು ಹಟ ಹಿಡಿದವು ಎಂಬುದು. ಡಿಪೊ ಒಂದರಲ್ಲಿ ಚಾಲಕರಿಗೆ ಡ್ಯೂಟಿ ಹಂಚುವ ಕೆಲಸವನ್ನು ಬಹುಕಾಲ ಮಾಡಿ ನಿವೃತ್ತನಾದ ನನಗೆ ಆ ಮಾತು ಸರಿ ಎನಿಸಲಿಲ್ಲ. ಆ ಗದ್ದಲ ತಣ್ಣಗಾದ ಮೇಲಾದರೂ ಈ ವಿಷಯವನ್ನು ಸಮಾಧಾನದಿಂದ ಚರ್ಚಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನಡೆದದ್ದನ್ನು ನೆನಪಿಸಿಕೊಳ್ಳೋಣ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಪರಿಷ್ಕೃತ ಕರ್ತವ್ಯ ಅವಧಿಯ ನಿಯಮಗಳನ್ನು ಪ್ರಕಟಿಸಿದ್ದು 2024ರ ಜನವರಿಯಲ್ಲಿ. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು, ರಾತ್ರಿ ಎಂಬುದು ಮಧ್ಯರಾತ್ರಿಯಿಂದ ಬೆಳಗಿನ 6ರವರೆಗೆ ಎಂದಾಯಿತು, ರಾತ್ರಿಯ ಪಾಳಿಯಲ್ಲಿ 6 ಲ್ಯಾಂಡಿಂಗ್‌ಗೆ ಇದ್ದ ಅವಕಾಶ 2ಕ್ಕೆ ಇಳಿಯಿತು. ಆ ವರ್ಷದ ಜೂನ್‌ನಲ್ಲಿ ಜಾರಿಗೆ ಬರಬೇಕಿದ್ದ ಈ ನಿಯಮಗಳನ್ನು ಕಂಪನಿಗಳ ಒತ್ತಾಯಕ್ಕೆ ಮಣಿದು ಮುಂದೂಡಲಾಯಿತು. ಪೈಲಟ್‌ಗಳ ಸಂಘಟನೆಗಳು ದೆಹಲಿ ಹೈಕೋರ್ಟ್‌ನಲ್ಲಿ ಪಟ್ಟು ಹಿಡಿದ ಮೇಲೆ 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತಗಳಾಗಿ ಅವು ಜಾರಿಯಾದವು. ಸಿದ್ಧತೆಗೆ ಸುಮಾರು ಎರಡು ವರ್ಷ ಸಿಕ್ಕಿತ್ತು. ಬೇಕಾದಷ್ಟು ಪೈಲಟ್‌ಗಳನ್ನು ನೇಮಿಸಿಕೊಳ್ಳದೆ ವೇಳಾಪಟ್ಟಿ ಹಿಗ್ಗಿಸಿದ್ದು ಆಡಳಿತದ ತಪ್ಪು. ಆದರೆ ಬಿಕ್ಕಟ್ಟು ಬಂದಾಗ ಸಡಿಲವಾದದ್ದು ರಾತ್ರಿ ಹಾರಾಟದ ನಿಯಮ.

ದಣಿವು ಏನು ಮಾಡಬಲ್ಲದು ಎಂಬುದನ್ನು ಕನ್ನಡ ನಾಡಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಉರುಳಿ, ಅದರಲ್ಲಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು. ಕಾಕ್‌ಪಿಟ್‌ನ ಧ್ವನಿಮುದ್ರಣ ಸುಮಾರು 2 ಗಂಟೆಯದು. ಅದರಲ್ಲಿ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು ಎಂದು ತನಿಖಾ ನ್ಯಾಯಾಲಯ ಕಂಡುಕೊಂಡಿತು. ಎಚ್ಚರವಾದ ಮೇಲೂ ನಿದ್ದೆಯ ಮಂಪರು ಅವರ ತೀರ್ಮಾನಶಕ್ತಿಯನ್ನು ಕುಂದಿಸಿರಬಹುದೆಂದು ವರದಿ ಹೇಳುತ್ತದೆ. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಒಂದಕ್ಕಿಂತ ಹೆಚ್ಚು ಸಲ ಎಚ್ಚರಿಸಿದ್ದರು. ನಸುಕಿನಲ್ಲಿ ದೇಹ ತಾನಾಗಿಯೇ ಕುಸಿಯುವ ಆ ಹೊತ್ತನ್ನು ಒಬ್ಬ ಮನುಷ್ಯನ ಶಿಸ್ತಿನಿಂದ ಮಾತ್ರ ಗೆಲ್ಲಲಾಗದು. ಅದನ್ನು ಡ್ಯೂಟಿ ಪಟ್ಟಿಯಲ್ಲಿಯೇ ತಡೆಯಬೇಕು, ಮತ್ತು ಆ ಪಟ್ಟಿಯ ಮಿತಿಗಳನ್ನು ಬರೆಯುವಾಗ ಅದರಂತೆ ದುಡಿಯುವವರೂ ಎದುರಿಗೆ ಕುಳಿತಿರಬೇಕು.

ಅಮೆರಿಕದ ಅನುಭವ ಇಲ್ಲಿ ಗಮನಾರ್ಹವಾದುದು. ಅಲ್ಲಿ 1931ರಲ್ಲಿ ಡೇವಿಡ್ ಬೆಂಕಿ ಎಂಬ ಪೈಲಟ್ ಕಟ್ಟಿದ ಏರ್‌ಲೈನ್ ಪೈಲಟ್ಸ್ ಅಸೋಸಿಯೇಷನ್, ವೇಳಾಪಟ್ಟಿಯ ಜೊತೆಗೆ ಸುರಕ್ಷತೆ ಎಂಬುದನ್ನೇ ತನ್ನ ಘೋಷವಾಕ್ಯ ಮಾಡಿಕೊಂಡಿತು. 1934ರಲ್ಲಿಯೇ ತಿಂಗಳಿಗೆ 85 ಗಂಟೆಗಳ ಹಾರಾಟದ ಮಿತಿ ಬಂದದ್ದು ಅದರ ಹೋರಾಟದಿಂದ. ಅದೇ ಸಂಘದ ಅಧ್ಯಕ್ಷರಾಗಿದ್ದ ರ್‍ಯಾಂಡಿ ಬ್ಯಾಬಿಟ್ 2009ರಲ್ಲಿ ಆ ದೇಶದ ವಿಮಾನಯಾನ ನಿಯಂತ್ರಣ ಆಡಳಿತದ ಮುಖ್ಯಸ್ಥರಾದರು. ಆ ವರ್ಷದ ಫೆಬ್ರುವರಿಯಲ್ಲಿ ಬಫಲೊ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತಿದ್ದರು. ಪೈಲಟ್‌ಗಳ ದಣಿವಿನ ಪ್ರಶ್ನೆ ಮುನ್ನೆಲೆಗೆ ಬಂದಾಗ ಬ್ಯಾಬಿಟ್ ಅವರ ಆಡಳಿತ ಸಂಘಟನೆಗಳು, ಕಂಪನಿಗಳು ಮತ್ತು ಅಧಿಕಾರಿಗಳನ್ನು ಒಂದೇ ಸಮಿತಿಯಲ್ಲಿ ಕೂಡಿಸಿತು. ಮೃತರ ಕುಟುಂಬಗಳೂ ಸಂಸತ್ತಿನ ಬೆನ್ನು ಬಿಡಲಿಲ್ಲ. 2014ರ ಜನವರಿಯಲ್ಲಿ ಜಾರಿಯಾದ ನಿಯಮ, ಪಾಳಿಗೆ ಮುಂಚೆ 10 ಗಂಟೆಗಳ ವಿಶ್ರಾಂತಿ ಇರಬೇಕು, ಅದರೊಳಗೆ 8 ಗಂಟೆ ನಿದ್ದೆಗೆ ಅವಕಾಶವಿರಬೇಕು ಎನ್ನುತ್ತದೆ. (ಸರಕು ವಿಮಾನಗಳನ್ನು ಅದರಿಂದ ಹೊರಗಿಟ್ಟಿದ್ದು ಅನ್ಯಾಯವೆಂದೇ ನಾನು ತಿಳಿದಿದ್ದೇನೆ.) ರಾಬರ್ಟ್ ಸಮ್‌ವಾಲ್ಟ್ ಅವರದು ಇನ್ನೊಂದು ಉದಾಹರಣೆ. 24 ವರ್ಷ ವಿಮಾನ ಹಾರಿಸಿ, ಸಂಘದ ಸುರಕ್ಷತಾ ವಿಭಾಗದಲ್ಲಿ ದುಡಿದ ಅವರು 2006ರಲ್ಲಿ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಸೇರಿ, 2017ರಿಂದ 2021ರವರೆಗೆ ಅದರ ಅಧ್ಯಕ್ಷರಾಗಿದ್ದರು. ಆ ಮಂಡಳಿ ವಿಮಾನ, ರೈಲು, ಹೆದ್ದಾರಿ, ಹಡಗು ಎಲ್ಲದರ ಅಪಘಾತಗಳನ್ನೂ ಸಾರಿಗೆ ಇಲಾಖೆಯ ಅಧೀನದಲ್ಲಿರದೆ ತನಿಖೆ ಮಾಡುತ್ತದೆ. ತನಿಖೆಗೆ ತಾಂತ್ರಿಕ ನೆರವು ನೀಡಲು ಪೈಲಟ್‌ಗಳ ಸಂಘಕ್ಕೂ ಅಲ್ಲಿ ಅಧಿಕೃತ ಸ್ಥಾನವಿದೆ.

ನಮ್ಮಲ್ಲಿ ಪರಿಸ್ಥಿತಿ ಹಾಗಿಲ್ಲ. ರೈಲು ಅಪಘಾತಗಳನ್ನು ತನಿಖೆ ಮಾಡುವ ರೈಲ್ವೆ ಸುರಕ್ಷತಾ ಆಯುಕ್ತರನ್ನು ರೈಲ್ವೆಯಿಂದ ಬೇರೆಯಾಗಿರಲಿ ಎಂದೇ ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ ಇಟ್ಟಿದ್ದಾರೆ. ಅದು ವಿವೇಕದ ನಿರ್ಧಾರ. ಆದರೆ 2012ರಲ್ಲಿ ಸ್ಥಾಪನೆಯಾದ ವಿಮಾನ ಅಪಘಾತ ತನಿಖಾ ಬ್ಯೂರೊ, ವಿಮಾನಯಾನವನ್ನು ಬೆಳೆಸುವ ಹೊಣೆ ಹೊತ್ತ ಅದೇ ಸಚಿವಾಲಯದ ಅಂಗವಾಗಿದೆ. ರೈಲಿಗೆ ಅನ್ವಯಿಸಿದ ವಿವೇಕ ವಿಮಾನಕ್ಕೇಕೆ ಬೇಡ? 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ 260 ಜನರನ್ನು ಬಲಿ ತೆಗೆದುಕೊಂಡ ದುರಂತದ ಪ್ರಾಥಮಿಕ ವರದಿ ಬರುತ್ತಲೇ, ಮಾತನಾಡಲು ಉಳಿದಿಲ್ಲದ ಇಬ್ಬರು ಪೈಲಟ್‌ಗಳ ಮೇಲೆ ಕೆಲವರು ತೀರ್ಪು ಕೊಡಲು ಶುರುಮಾಡಿದರು. ತಪ್ಪು ಹೊರಿಸುವುದು ತನಿಖೆಯ ಗುರಿಯಲ್ಲ, ಮತ್ತೆ ಅಪಘಾತ ಆಗದಂತೆ ತಡೆಯುವುದೇ ಗುರಿ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧ ಸ್ಪಷ್ಟವಾಗಿ ಹೇಳುತ್ತದೆ. ತನಿಖೆಯಲ್ಲಿ ವೀಕ್ಷಕರಾಗಿಯಾದರೂ ನಮ್ಮನ್ನು ಸೇರಿಸಿಕೊಳ್ಳಿ ಎಂದು ಪೈಲಟ್‌ಗಳ ಸಂಘಟನೆ ಬೇಡಿದ್ದರಲ್ಲಿ ಅತಿಯಾದದ್ದು ನನಗೇನೂ ಕಾಣುವುದಿಲ್ಲ.

ಸಂಘಟನೆಗಳ ನಾಯಕರು ಸಂಬಳದ ಬೇಡಿಕೆಯನ್ನು ಸುರಕ್ಷತೆಯ ಹೆಸರಿನಲ್ಲಿ ಮುಂದಿಡುತ್ತಾರೆ ಎಂಬ ಆಕ್ಷೇಪವಿದೆ, ಮತ್ತು ಅದರಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಅದಕ್ಕೆ ಪರಿಹಾರವೆಂದರೆ ಸುರಕ್ಷತೆಯ ಪ್ರತಿನಿಧಿಗಳನ್ನು ವೇತನದ ಮಾತುಕತೆಯಿಂದ ಬೇರೆಯಾಗಿ ನೇಮಿಸುವುದು, ಅವರಿಗೆ ತನಿಖೆಯ ತರಬೇತಿ ಕೊಡಿಸುವುದು, ಆಡಿದ ಮಾತಿಗಾಗಿ ಅವರ ನೌಕರಿಗೆ ಕುತ್ತು ಬಾರದಂತೆ ಕಾನೂನಿನ ರಕ್ಷಣೆ ನೀಡುವುದು. ದಣಿದಿದ್ದೇನೆ ಎಂದು ವರದಿ ಮಾಡಿದ ಪೈಲಟ್‌ಗೂ ಇದೇ ರಕ್ಷಣೆ ಸಲ್ಲಬೇಕು.

ಈ ಮಾತು ಆಕಾಶಕ್ಕಷ್ಟೇ ಸೀಮಿತವಲ್ಲ. ಸಾಂಬ್ರಾದಲ್ಲಿ ಹಾರಾಟ ಕಲಿಯುತ್ತಿರುವ ಯುವಕ ಯುವತಿಯರು ನಾಳೆ ಯಾವ ನಿಯಮಗಳಡಿ ದುಡಿಯುವರೋ ಅದರ ಚಿಂತೆ ನಮಗಿರುವಂತೆಯೇ, ಬೆಳಗಾವಿಯಿಂದ ಬೆಂಗಳೂರಿನವರೆಗೆ ಸುಮಾರು 500 ಕಿ.ಮೀ. ದೂರ ರಾತ್ರಿಯಿಡೀ ಸ್ಲೀಪರ್ ಬಸ್ ಓಡಿಸುವ ಚಾಲಕರ ಚಿಂತೆಯೂ ಇರಬೇಕು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಸಾಮಾನ್ಯ ಮಿತಿ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿಯೇ ಬಂದಿತ್ತು. ಆದರೆ ಡ್ಯೂಟಿಗೆ ಜನ ಸಾಲದ ದಿನ, ಬಂದಿಳಿದ ಚಾಲಕನನ್ನೇ ಡಬಲ್ ಡ್ಯೂಟಿಗೆ ಒಪ್ಪಿಸುವ ಪದ್ಧತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಲ್ಲವೆಂದರೆ ಮುಂದಿನ ವಾರ ಯಾವ ರೂಟ್ ಸಿಗುವುದೋ ಎಂಬ ಅಂಜಿಕೆಯಿಂದ ಅವರು ಸ್ಟಿಯರಿಂಗ್ ಹಿಡಿಯುತ್ತಿದ್ದರು. ಅವರ ಪರವಾಗಿ ಗಟ್ಟಿಯಾಗಿ ಮಾತನಾಡುವ ಸಂಘಟನೆ ಇದ್ದ ಕಡೆ ಇದು ಕಡಿಮೆಯಿತ್ತು.

ಆದ್ದರಿಂದ, ಅಪಘಾತ ತನಿಖಾ ಬ್ಯೂರೊವನ್ನು ಸಚಿವಾಲಯದಿಂದ ಬೇರ್ಪಡಿಸಿ ಸಂಸತ್ತಿಗೆ ಉತ್ತರದಾಯಿಯಾಗಿಸುವ ಮತ್ತು ಕರ್ತವ್ಯ ಅವಧಿಯ ನಿಯಮ ರೂಪಿಸುವ ಸಮಿತಿಗಳಲ್ಲಿ ಪೈಲಟ್‌ಗಳ ಪ್ರತಿನಿಧಿಗಳಿಗೆ ಕಾನೂನಿನ ಮೂಲಕ ಸ್ಥಾನ ನೀಡುವ ಪ್ರಶ್ನೆಯನ್ನು ಬೆಳಗಾವಿ, ಚಿಕ್ಕೋಡಿ, ಬಾಗಲಕೋಟೆ ಮತ್ತು ವಿಜಯಪುರದ ಸಂಸದರು ಲೋಕಸಭೆಯಲ್ಲಿ ಎತ್ತಬೇಕೆಂದು ಕೋರುತ್ತೇನೆ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದಿನ ಸಭೆಗೆ ರಾತ್ರಿ ಪಾಳಿಯ ಬಸ್ ಮತ್ತು ಲಾರಿ ಚಾಲಕರ ಪ್ರತಿನಿಧಿಗಳನ್ನು ಆಹ್ವಾನಿಸಬೇಕೆಂದು ಮಾನ್ಯ ಜಿಲ್ಲಾಧಿಕಾರಿಗಳಲ್ಲಿಯೂ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಸಾರಿಗೆ ನೌಕರ
ಟಿಳಕವಾಡಿ, ಬೆಳಗಾವಿ