ನೋಂದಣಿ ಶುಲ್ಕ ಏರಿದ ಮೇಲೆ ನಮ್ಮ ಬರವಣಿಗೆ ಶುಲ್ಕದಲ್ಲಿ ಮಾಡಿದ ಬದಲಾವಣೆ

ಮಾನ್ಯ ಗ್ರಾಹಕರೇ,

ಬಿಲ್ಡರ್‌ನಿಂದ ನೇರವಾಗಿ ಹೊಸ ಫ್ಲ್ಯಾಟ್ ಕೊಳ್ಳುವವರು, ಅದರ ಬೆಲೆ 45 ಲಕ್ಷ ರೂಪಾಯಿಯೊಳಗೆ ಇದ್ದರೆ, ಮುಂದಿನ ತಿಂಗಳಿಂದ ಕ್ರಯಪತ್ರ ಬರೆಸಲು ನಮಗೆ ಅರ್ಧ ಶುಲ್ಕ ಕೊಟ್ಟರೆ ಸಾಕು. ಮಿಕ್ಕವರ ಶುಲ್ಕ ಈಗ ಇದ್ದಂತೆಯೇ ಇರುತ್ತದೆ. ಕೆಲವರಿಗಷ್ಟೇ ಯಾಕೆ ಎಂದು ನೀವು ಕೇಳುವುದು ಸಹಜ.

2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ. ಎಲ್ಲರಿಗೂ ಒಂದೇ ದರವಾದ್ದರಿಂದ ಹೊರೆಯೂ ಒಂದೇ ಎಂದು ಮೊದಲು ನಾವೂ ಅಂದುಕೊಂಡಿದ್ದೆವು. ಲೆಕ್ಕ ಹಾಕಿದಾಗ ಬೇರೆಯೇ ಕಂಡಿತು. ಬೆಂಗಳೂರಿನಲ್ಲಿ 60 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್, ನೋಂದಣಿ ಎಲ್ಲ ಸೇರಿ ಮೊದಲು 3,96,000 ಆಗುತ್ತಿತ್ತು, ಈಗ 4,56,000. ಏರಿಕೆ ಶೇ. 15. ಎರಡು ಕೋಟಿಯ ಬಂಗಲೆಗೂ ಅಷ್ಟೇ ಶೇ. 15. ಆದರೆ 20 ಲಕ್ಷದ ಹೊಸ ಫ್ಲ್ಯಾಟಿಗೆ 64,800 ಇದ್ದದ್ದು 84,800 ಆಗಿದೆ, ಅಂದರೆ ಶೇ. 31ರಷ್ಟು ಹೆಚ್ಚು! ಚಿಕ್ಕ ಫ್ಲ್ಯಾಟುಗಳ ಮೊದಲ ಮಾರಾಟಕ್ಕೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ: 20 ಲಕ್ಷದವರೆಗೆ ಶೇ. 2, ಅಲ್ಲಿಂದ 45 ಲಕ್ಷದವರೆಗೆ ಶೇ. 3, ಆಮೇಲೆ ಶೇ. 5. ನೋಂದಣಿ ಶುಲ್ಕಕ್ಕೆ ಇಂಥ ಮೆಟ್ಟಿಲುಗಳಿಲ್ಲ. ಒಂದು ಕೈಯಲ್ಲಿ ಕೊಟ್ಟ ರಿಯಾಯಿತಿಯನ್ನು ಇನ್ನೊಂದು ಕೈ ಕಿತ್ತುಕೊಂಡಂತಾಗಿದೆ. ಈ ಹಣಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ಗೃಹಸಾಲ ಕೊಡುವುದಿಲ್ಲ. ಕೈಯಿಂದಲೇ ಹೊಂದಿಸಬೇಕು. ಹೊಂದಿಸಲು ಒಡವೆ ಅಡವಿಟ್ಟು ಬಂದವರನ್ನು ನಾವು ನೋಡಿದ್ದೇವೆ.

ಆಸ್ತಿ ಮಾರಾಟದ ಮೇಲೆ ತೆರಿಗೆ ಬೇಡ ಎಂದು ನಾವು ಹೇಳುತ್ತಿಲ್ಲ. ಯಾರಿಂದ ತೆಗೆದುಕೊಳ್ಳುತ್ತಾರೆ, ಯಾವುದಕ್ಕೆ ಖರ್ಚು ಮಾಡುತ್ತಾರೆ ಎಂಬುದು ಮುಖ್ಯ. ಅಮೆರಿಕದ ಲಾಸ್ ಏಂಜಲೀಸ್ ನಗರದ ಮತದಾರರು 2022ರ ನವೆಂಬರಿನಲ್ಲಿ 'ಮೆಷರ್ ಯುಎಲ್‌ಎ' ಎಂಬ ತೆರಿಗೆಗೆ ಒಪ್ಪಿಗೆ ಕೊಟ್ಟರು. 2023ರ ಏಪ್ರಿಲ್ 1ರಂದು ಅದು ಜಾರಿಗೆ ಬಂದಾಗ 50 ಲಕ್ಷ ಡಾಲರ್ ದಾಟಿದ ಮಾರಾಟಕ್ಕೆ ಶೇ. 4, ಒಂದು ಕೋಟಿ ಡಾಲರ್‌ನಿಂದ ಮೇಲಕ್ಕೆ ಶೇ. 5.5. 50 ಲಕ್ಷ ಡಾಲರ್‌ಗಿಂತ ಕಡಿಮೆ ಬೆಲೆಯ ಮನೆಗೆ ಈ ತೆರಿಗೆಯೇ ಇಲ್ಲ. ಬಂದ ಹಣ ಜನಕ್ಕೆ ಎಟುಕುವ ಮನೆಗಳಿಗೆ, ಬಾಡಿಗೆದಾರರು ಬೀದಿಪಾಲಾಗದಂತೆ ನೋಡಿಕೊಳ್ಳುವುದಕ್ಕೆ ಮೀಸಲು. ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಡಗಳ ಮಾರಾಟಕ್ಕೂ ಇದು ಬೀಳುವುದರಿಂದ ಹೊಸ ಮನೆ ಕಟ್ಟುವವರು ಹಿಂಜರಿಯುತ್ತಾರೆ ಎಂಬ ಟೀಕೆ ಅಲ್ಲಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ಕೊಟ್ಟ ದುಡ್ಡು ಎಲ್ಲಿಗೆ ಹೋಗಬೇಕೆಂದು ಮೊದಲೇ ಬರೆದಿಟ್ಟ ಆ ಕ್ರಮ ನಮಗೆ ಮೆಚ್ಚುಗೆ. ನಮ್ಮಲ್ಲಿ ನೋಂದಣಿ ಶುಲ್ಕ ರಾಜ್ಯದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಎಲ್ಲ ಖರ್ಚಿಗೂ ಬಳಸುವ ಸಾಮಾನ್ಯ ಖಜಾನೆಗೆ, ಸೇರುತ್ತದೆ. ಹೆಚ್ಚಿಸಿದ ಆ ಶೇ. 1ನ್ನಾದರೂ ವಸತಿಗೆಂದು ತೆಗೆದಿಡಲಿ, 45 ಲಕ್ಷದೊಳಗಿನ ಮನೆಗಳಿಗೆ ಹಳೆಯ ದರವೇ ಇರಲಿ ಎಂಬುದು ನಮ್ಮ ಒತ್ತಾಯ.

ಇನ್ನೊಂದು ವಿನಂತಿ. ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ಮೊತ್ತ ತೋರಿಸಿ ಎಂದು ಈಚೆಗೆ ಹಲವರು ಕೇಳುತ್ತಿದ್ದಾರೆ. ನಾವು ಹಾಗೆ ಬರೆಯುವುದಿಲ್ಲ. ಅದು ಕಾನೂನಿಗೆ ವಿರುದ್ಧ. ಅಲ್ಲದೆ ನಾಳೆ ನೀವೇ ಆ ಮನೆ ಮಾರುವಾಗ, ಕೊಂಡ ಬೆಲೆ ಕಡಿಮೆ ಇದ್ದಷ್ಟೂ ಲಾಭ ಹೆಚ್ಚು ಕಾಣುತ್ತದೆ, ಆದಾಯ ತೆರಿಗೆ ನಿಮ್ಮ ತಲೆಯ ಮೇಲೇ ಬೀಳುತ್ತದೆ.

ಈಗಾಗಲೇ ಕರಡು ಬರೆಸಿ ನೋಂದಣಿಗೆ ಕಾದಿರುವವರಿಗೂ ಅರ್ಧ ಶುಲ್ಕವೇ. ಪೂರ್ತಿ ಕೊಟ್ಟಿದ್ದರೆ ರಸೀತಿ ತನ್ನಿ, ಮಿಕ್ಕ ಹಣ ವಾಪಸು ಕೊಡುತ್ತೇವೆ.

ಇಂತಿ,
ನಿಮ್ಮ ಪತ್ರ ಬರಹಗಾರರು