ನೇತ್ರಾವತಿಯ ಲೆಕ್ಕ ಮೊದಲು ಕೇಳಿ: ದಕ್ಷಿಣ ಕನ್ನಡದ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರಗಳು.

ನಾನು ಸುರತ್ಕಲ್ ಸಮೀಪದ ನಿವಾಸಿ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ರಾತ್ರಿ ಮಾಳಿಗೆಗೆ ಹೋದರೆ ಎಂಆರ್‌ಪಿಎಲ್ ಎಂಬ ತೈಲ ಶುದ್ಧೀಕರಣ ಕಂಪನಿಯ ಚಿಮಣಿಯ ಜ್ವಾಲೆ ಕಾಣುತ್ತದೆ. ಆ ತೈಲಾಗಾರದ ನಾಳೆಯ ಬಗ್ಗೆ, ಅದಕ್ಕೆ ಬೇಕಾಗುವ ನೇತ್ರಾವತಿ ನದಿಯ ನೀರಿನ ಬಗ್ಗೆ ನಿಮ್ಮಲ್ಲಿ ಒಂದು ಬೇಡಿಕೆ ಇಡಬೇಕಾಗಿದೆ.

ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ತೈಲವನ್ನು ಸಂಸ್ಕರಿಸುವ ಸಾಮರ್ಥ್ಯ ಅದಕ್ಕಿದೆ. ಅದರ ಹೆಚ್ಚಿನ ಪಾಲು ಡೀಸೆಲ್, ಪೆಟ್ರೋಲ್, ವಿಮಾನ ಇಂಧನವಾಗಿ ಹೊರಹೋಗುತ್ತದೆ. ರಸ್ತೆಗೆ ವಿದ್ಯುತ್ ವಾಹನಗಳು ಬಂದಂತೆ ಈ ವ್ಯಾಪಾರ ಹೀಗೆಯೇ ಉಳಿಯುವುದಿಲ್ಲ ಎಂಬುದು ಎಲ್ಲ ತೈಲ ಕಂಪನಿಗಳಿಗೂ ಗೊತ್ತು. ಆದ್ದರಿಂದಲೇ ಕಚ್ಚಾ ತೈಲವನ್ನು ಇಂಧನ ಮಾಡುವ ಬದಲು ನೇರವಾಗಿ ರಾಸಾಯನಿಕಗಳನ್ನಾಗಿಸುವ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಸಿಂಗಪುರದಲ್ಲಿ ಅಮೆರಿಕದ ತೈಲ ಕಂಪನಿ ಎಕ್ಸಾನ್‌ಮೊಬಿಲ್ 2014ರಲ್ಲಿಯೇ ಈ ದಾರಿ ಹಿಡಿಯಿತು. ಸಾಮಾನ್ಯ ತೈಲಾಗಾರದಲ್ಲಿ ರಾಸಾಯನಿಕಗಳ ಪಾಲು ಶೇ 10ರ ಆಸುಪಾಸು. ಚೀನಾದ ದಾಲಿಯಾನ್ ಮತ್ತು ಝೌಶಾನ್‌ನ ಹೊಸ ಸ್ಥಾವರಗಳಲ್ಲಿ ಅದು ಶೇ 40ನ್ನು ದಾಟಿದೆ. ನಮ್ಮ ತೈಲಾಗಾರದಲ್ಲಿಯೂ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಘಟಕವಿದೆ, ಪಾಲಿಯೆಸ್ಟರ್ ನೂಲಿಗೆ ಬೇಕಾಗುವ ಪ್ಯಾರಾಕ್ಸೈಲೀನ್‌ನ ಘಟಕವಿದೆ. ಮುಂದಿನ ಹೆಜ್ಜೆ ಇದೇ ದಿಕ್ಕಿನಲ್ಲಿ ಬೀಳುತ್ತದೆ ಎಂದು ಊಹಿಸಲು ಜ್ಯೋತಿಷ್ಯ ಬೇಕಿಲ್ಲ.

ಇದಕ್ಕೆ ನನ್ನ ವಿರೋಧವಿಲ್ಲ. ಒಮ್ಮೆ ಸುಟ್ಟು ಹೊಗೆಯಾಗುವ ತೈಲ ಪೈಪು, ಸಿರಿಂಜು, ಬಟ್ಟೆಯ ನೂಲು ಆಗುವುದು ರಸಾಯನಶಾಸ್ತ್ರದ ಶಿಕ್ಷಕಿಯಾಗಿ ನನಗೆ ಸಂತೋಷವೇ. ಆದರೆ ಆ ಕ್ರಿಯೆ ಹೇಗೆ ನಡೆಯುತ್ತದೆ ಎಂಬುದನ್ನು ನೀವು ತಿಳಿದಿರಬೇಕು. ಕಚ್ಚಾ ತೈಲವನ್ನು ಕಾಯಿಸಿ, ಭಾರವಾದ ಭಾಗವನ್ನು ಬೇರ್ಪಡಿಸಿ, ಹಗುರವಾದ ಆವಿಯನ್ನು ನೀರಿನ ಹಬೆಯೊಡನೆ ಬೆರೆಸಿ 800 ಡಿಗ್ರಿಗೂ ಮೀರಿದ ಕುಲುಮೆಯ ಕೊಳವೆಗಳಲ್ಲಿ ಹಾಯಿಸುತ್ತಾರೆ. ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಉದ್ದನೆಯ ಅಣುಗಳು ಮುರಿದು ಪ್ಲಾಸ್ಟಿಕ್‌ನ ಮೂಲವಸ್ತುಗಳಾದ ಎಥಿಲೀನ್, ಪ್ರೊಪಿಲೀನ್ ಆಗುತ್ತವೆ. ಆ ಕ್ಷಣದಲ್ಲಿಯೇ ತಣಿಸದಿದ್ದರೆ ಅವೂ ಮಸಿಯಾಗತೊಡಗುತ್ತವೆ. ಬೆರೆಸುವ ಹಬೆಗೆ ನೀರು, ತಣಿಸುವುದಕ್ಕೆ ನೀರು, ಭಾರವಾದ ಭಾಗವನ್ನು ಹಗುರಗೊಳಿಸಲು ಬೇಕಾದ ಹೈಡ್ರೋಜನ್ ತಯಾರಿಸುವುದಕ್ಕೂ ನೀರು.

ಆ ನೀರು ಎಲ್ಲಿಂದ ಬರುತ್ತದೆ ಎಂಬುದೇ ನನ್ನ ಪ್ರಶ್ನೆ. ಮಂಗಳೂರು ನಗರ ನೇತ್ರಾವತಿಗೆ ಕಟ್ಟಿದ ತುಂಬೆಯ ಕಿಂಡಿ ಅಣೆಕಟ್ಟಿನಿಂದ ಕುಡಿಯುತ್ತದೆ. ತೈಲಾಗಾರ ಅದಕ್ಕಿಂತ ಮೇಲೆ, ಸರಪಾಡಿಯಲ್ಲಿ, ಅದೇ ನೇತ್ರಾವತಿಯಿಂದ ನೀರೆತ್ತುತ್ತದೆ. 2016ರಲ್ಲಿಯೂ 2019ರಲ್ಲಿಯೂ ಬೇಸಿಗೆಯಲ್ಲಿ ನದಿ ಸೊರಗಿ ತೈಲಾಗಾರದ ಕೆಲವು ಘಟಕಗಳನ್ನೇ ನಿಲ್ಲಿಸಬೇಕಾಯಿತು. ನಗರದಲ್ಲಿ ಸರದಿಯ ಮೇಲೆ ನೀರು ಬಿಡುತ್ತಿದ್ದ ಆ ಮೇ ತಿಂಗಳಲ್ಲಿ ಮಗಳ ಮನೆಯ ಕೊಡ, ಬಕೆಟ್, ಕುಕ್ಕರ್‌ಗಳನ್ನೆಲ್ಲ ತುಂಬಿಸಿಟ್ಟದ್ದು ನನಗೆ ಇಂದಿಗೂ ನೆನಪಿದೆ. ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆ ನಮ್ಮದು!

ದಾರಿ ಇಲ್ಲವೆಂದಲ್ಲ. ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ, ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ ಘಟಕವನ್ನು ಎಂಆರ್‌ಪಿಎಲ್ ಕಟ್ಟಿದೆ. ಕಾವೂರಿನ ಸಂಸ್ಕರಿತ ಕೊಳಚೆ ನೀರನ್ನೂ ಬಳಸುತ್ತಿದೆ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹೊಸ ಘಟಕ ಬರುವುದಾದರೆ ಅದರ ಪ್ರತಿ ಲೀಟರ್ ನೀರೂ ಈ ಎರಡು ಮೂಲಗಳಿಂದಲೇ ಬರಲಿ, ನೇತ್ರಾವತಿಯಿಂದ ಒಂದು ಹನಿಯೂ ಹೆಚ್ಚಾಗಿ ಬೇಡ. ಸಿಹಿನೀರು ತೆಗೆದ ಮೇಲೆ ಸಮುದ್ರಕ್ಕೆ ಮರಳಿ ಬಿಡುವ ಕಡು ಉಪ್ಪುನೀರಿನ ವಿಷಯದಲ್ಲಿ ಮೀನುಗಾರರಾದ ಮೊಗವೀರರ ಮಾತನ್ನು ಮೊದಲು ಕೇಳಬೇಕು.

ಇನ್ನೊಂದು ಮಾತು. ಪ್ಲಾಸ್ಟಿಕ್ ವಸ್ತು ತಯಾರಿಸುವ ಕೈಗಾರಿಕೆಗಳಿಗೆಂದು ಇರುವ ಗಂಜಿಮಠದ ಪ್ಲಾಸ್ಟಿಕ್ ಪಾರ್ಕಿನಲ್ಲಿ ನಮ್ಮ ಹುಡುಗರಿಗೆ ಕೆಲಸ ಸಿಗಲಿ, ಖಂಡಿತ ಸಿಗಲಿ. ಆದರೆ 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಬಿದ್ದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಪ್ಲಾಸ್ಟಿಕ್ ಹುಟ್ಟುವ ಊರಿನಲ್ಲಿಯೇ ಅದನ್ನು ಮರಳಿ ಕರಗಿಸಿ ಬಳಸುವ ವ್ಯವಸ್ಥೆಯೂ ಇರಬೇಕಲ್ಲವೇ?

ಮುಂದಿನ ಅಧಿವೇಶನದಲ್ಲಿ ಪೆಟ್ರೋಲಿಯಂ ಸಚಿವರನ್ನು ದಯವಿಟ್ಟು ಕೇಳಿ: ಮಂಗಳೂರಿನ ತೈಲಾಗಾರದಲ್ಲಿ ರಾಸಾಯನಿಕಗಳ ಪಾಲನ್ನು ಎಷ್ಟಕ್ಕೆ ಏರಿಸುವ ಯೋಚನೆಯಿದೆ, ಅದಕ್ಕೆ ದಿನಕ್ಕೆ ಎಷ್ಟು ನೀರು ಬೇಕು, ಮತ್ತೆ ಯಾರ ಭೂಮಿ ಬೇಕು? ಬಂದ ಉತ್ತರವನ್ನು ಕನ್ನಡದಲ್ಲಿ ಮುದ್ರಿಸಿ ತೈಲಾಗಾರದ ನೆರೆಯ ಜೋಕಟ್ಟೆ, ಪೆರ್ಮುದೆ ಮತ್ತು ನೀರೆತ್ತುವ ಸರಪಾಡಿ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಹಾಕಿಸಿ. ಭೂಸ್ವಾಧೀನದ ನೋಟಿಸು ಮನೆ ಬಾಗಿಲಿಗೆ ಬರುವ ಮೊದಲೇ ಜನ ಅದನ್ನು ಓದಬೇಕು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು