99ರಲ್ಲೇ ನಿಂತ ಲೆಕ್ಕ

ಮಾನ್ಯ ಸಂಪಾದಕರೇ,

ದೊಡ್ಡ ಆಟಗಾರರ ಹಗರಣಗಳನ್ನು ಅಭಿಮಾನಿಗಳು ಬೇಗ ಮರೆತುಬಿಡುತ್ತಾರೆ ಎಂಬ ಮಾತು ಈಚೆಗೆ ಜಾಸ್ತಿ ಕೇಳಿಬರುತ್ತಿದೆ. ನನಗೆ ಹಾಗಾಗಿಲ್ಲ.

2000ದ ಮಾರ್ಚ್‌ನಲ್ಲಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದಕ್ಷಿಣ ಆಫ್ರಿಕಾ ಎದುರು ಟೆಸ್ಟ್ ಇತ್ತು. ಭಾರತ ಇನಿಂಗ್ಸ್ ಸೋಲು ಕಂಡಿತು. ಆದರೂ ಸ್ಟ್ಯಾಂಡಿನಲ್ಲಿ ಕೂತಿದ್ದ ನಾನು ಖುಷಿಯಿಂದಲೇ ಮನೆಗೆ ಬಂದೆ. ಭಾರತದ ಮಾಜಿ ನಾಯಕ ಅಜರುದ್ದೀನ್ 102 ರನ್ ಹೊಡೆದಿದ್ದರು! ಎತ್ತಿದ ಕಾಲರ್, ಕೊರಳಲ್ಲಿ ತಾಯತ. ಆಫ್ ಸ್ಟಂಪ್ ಆಚೆ ಬಿದ್ದ ಚೆಂಡನ್ನೂ ಮಣಿಕಟ್ಟು ತಿರುವಿ ಲೆಗ್ ಕಡೆ ಕಳಿಸುತ್ತಿದ್ದರು. 1984ರ ಕೊನೆಯ ದಿನ ಈಡನ್ ಗಾರ್ಡನ್ಸ್‌ನಲ್ಲಿ ಶುರುವಾದ ತಮ್ಮ ಮೊದಲ ಟೆಸ್ಟ್‌ನಲ್ಲೂ ಶತಕ, ನಂತರದ ಎರಡರಲ್ಲೂ ಶತಕ ಹೊಡೆದವರು ಅವರು.

ಬೆಂಗಳೂರಿನದು ಅವರ 99ನೇ ಟೆಸ್ಟ್. ಅದೇ ಕೊನೆಯದಾಯಿತು. ಮುಂದಿನ ತಿಂಗಳೇ ದೆಹಲಿ ಪೊಲೀಸರು ಮೋಸದಾಟದ (ಮ್ಯಾಚ್ ಫಿಕ್ಸಿಂಗ್) ಬಾಂಬ್ ಸಿಡಿಸಿದರು. ಎದುರಾಳಿ ನಾಯಕ ಹ್ಯಾನ್ಸಿ ಕ್ರೋನಿಯೆ ಮೊದಲು ಅಲ್ಲಗಳೆದು, ಆಮೇಲೆ ತಪ್ಪೊಪ್ಪಿಕೊಂಡರು. ಡಿಸೆಂಬರ್‌ನಲ್ಲಿ ಮೋಸದಾಟದ ಆರೋಪಕ್ಕಾಗಿ ಬಿಸಿಸಿಐ ಅಜರ್ ಮೇಲೂ ಆಜೀವ ನಿಷೇಧ ಹೇರಿತು.

ಆ ಶತಕವನ್ನು ನಾನು ಮರೆತಿಲ್ಲ. ಆದರೆ ಅದೊಂದನ್ನೇ ನೆನೆಯಲು ಈಗ ಆಗುವುದಿಲ್ಲ. ಹಿಂದೆಯೇ ಡಿಸೆಂಬರ್ ಕೂಡ ಬಂದು ನಿಲ್ಲುತ್ತದೆ.

ಎಲ್ಲ ಹಗರಣವೂ ಹೀಗೆ ಕಾಡುವುದಿಲ್ಲ. ನಿಷೇಧಿತ ಮಾತ್ರೆ ನುಂಗಿದ ಆಸ್ಟ್ರೇಲಿಯಾದ ಸ್ಪಿನ್ನರ್ ಶೇನ್ ವಾರ್ನ್ 2003ರ ವಿಶ್ವಕಪ್‌ ಆಡದೆ ಮನೆಗೆ ಮರಳಿದರು, ಒಂದು ವರ್ಷ ಆಟದಿಂದ ಹೊರಗಿದ್ದರು. ಅವರು ತೀರಿಕೊಂಡಾಗ ನಮಗೆ ನೆನಪಾದದ್ದು 1993ರಲ್ಲಿ ಇಂಗ್ಲೆಂಡಿನ ಗ್ಯಾಟಿಂಗ್ ಅವರನ್ನು ಬೌಲ್ಡ್ ಮಾಡಿದ ಆ ಎಸೆತ. ಮೋಸದಾಟ ಬೇರೆ. ಅದು ನಾವು ಕಣ್ಣಾರೆ ಕಂಡ ಆಟವನ್ನೇ ಹಿಂದಿನಿಂದ ಕೆಡಿಸುತ್ತದೆ. 2000ದ ಜನವರಿಯಲ್ಲಿ ಸೆಂಚುರಿಯನ್‌ನಲ್ಲಿ ಮಳೆ ನುಂಗಿದ ಟೆಸ್ಟ್‌ಗೆ ಜೀವ ತುಂಬಲು ಕ್ರೋನಿಯೆ ತಮ್ಮ ತಂಡದ ಒಂದು ಇನಿಂಗ್ಸ್ ಆಡದೆಯೇ ಬಿಟ್ಟುಕೊಟ್ಟರು ಎಂದು ನಾವೆಲ್ಲ ಹೊಗಳಿದೆವು. ಅದರ ಹಿಂದೆ ಬುಕ್ಕಿಯ ಹಣ ಮತ್ತು ಚರ್ಮದ ಜಾಕೆಟ್ ಇತ್ತು ಎಂದು ಆಮೇಲೆ ಗೊತ್ತಾಯಿತು. ಆ ಹೊಗಳಿಕೆಯನ್ನು ಎಲ್ಲಿಗೆ ಕೊಂಡೊಯ್ಯಬೇಕು, ಹೇಳಿ?

ಜನ ಕ್ಷಮಿಸುವುದು ನಿಜ. ಕ್ರೋನಿಯೆ 2002ರಲ್ಲಿ ವಿಮಾನ ಅಪಘಾತದಲ್ಲಿ ಸತ್ತರು. ಎರಡು ವರ್ಷದ ನಂತರ ಟಿವಿ ವಾಹಿನಿಯೊಂದು ನಡೆಸಿದ ಮತದಾನದಲ್ಲಿ ಅವರು ದಕ್ಷಿಣ ಆಫ್ರಿಕಾದ ಮಹಾನ್ ವ್ಯಕ್ತಿಗಳ ಪಟ್ಟಿಯಲ್ಲಿ 11ನೆಯವರಾದರು. ಮೊರಾದಾಬಾದ್‌ನ ಮತದಾರರು 2009ರಲ್ಲಿ ಅಜರ್‌ ಅವರನ್ನು ಸಂಸತ್ತಿಗೆ ಕಳಿಸಿದರು. ಇದನ್ನು ಮರೆವು ಅಂದರೆ ನಾನು ಒಪ್ಪಲಾರೆ. ಗೊತ್ತಿದ್ದೇ ಪ್ರೀತಿಸುವವರೂ ಇರುತ್ತಾರೆ, ಅಲ್ವಾ?

ನನ್ನ ಕೋರಿಕೆ ಒಂದೇ. ಅಜರ್ ಬಗ್ಗೆ ಬರೆಯುವಾಗ 99 ಟೆಸ್ಟ್, 22 ಶತಕ ಎಂದು ಸುಮ್ನೆ ಮುಂದೆ ಹೋಗಬೇಡಿ. ಆ ಲೆಕ್ಕ 99ರಲ್ಲೇ ಯಾಕೆ ನಿಂತಿತು ಎಂಬುದನ್ನೂ ಬರೆಯಿರಿ. 2012ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿದ್ದನ್ನೂ ಅದರ ಪಕ್ಕದಲ್ಲೇ ಬರೆಯಿರಿ.

ಇಂತಿ,
ಹಳೆಯ ಕ್ರಿಕೆಟ್ ಅಭಿಮಾನಿ, ಮಲ್ಲೇಶ್ವರ, ಬೆಂಗಳೂರು